ಅಂಚು ಕದಲದ ಮಚ್ಚೆ

ಆರನೆಯ ತಿಂಗಳೂ ಗೆರೆಯ ಮೇಲೆ ಗೆರೆ ಕೂತಿತು. ಸಿಸ್ಟರ್‌ಗೆ ಅನುಮಾನ ಗಟ್ಟಿಯಾಯಿತು.

ಚರ್ಮ ವಿಭಾಗದ ಬೆಳಕಿನ ಚಿಕಿತ್ಸೆಯ ಕೋಣೆಯಲ್ಲಿ ಅವಳ ಕೆಲಸವೇ ಅದು. ತಿಂಗಳಿಗೊಮ್ಮೆ ತೊನ್ನಿನ ಮೇಲೆ ಪಾರದರ್ಶಕ ಹಾಳೆಯಿಟ್ಟು ಅಂಚು ಬರೆಯಬೇಕು, ಹಿಂದಿನದರ ಜೊತೆ ಹೋಲಿಸಬೇಕು, ಕೇಳಿದವರಿಗೆ ಒಂದು ನಕಲು ಕೊಡಬೇಕು. ಮಚ್ಚೆಯೆಂದರೆ ಹಬ್ಬುತ್ತದೆ, ಇಲ್ಲವೇ ನಡುವೆ ಕಂದು ಚುಕ್ಕಿ ಮೂಡಿ ಕುಗ್ಗುತ್ತದೆ. ಗ್ರಂಥಾಲಯದಲ್ಲಿ ಕೆಲಸ ಮಾಡುವ ಈ ಹೆಂಗಸಿನ ಎಡಗೈ ಮಚ್ಚೆ, ತುದಿ ಮುರಿದ ಎಲೆಯಂಥದ್ದು, ನೂಲಿನಷ್ಟೂ ಕದಲಿರಲಿಲ್ಲ.

ಆ ಮಚ್ಚೆಗೆ ಕಾಯಂ ನೌಕರಿ ಸಿಕ್ಕಿದೆ ಎಂದು ಕೌಂಟರಿನವನು ನಕ್ಕಿದ್ದ. ಸಿಸ್ಟರ್ ನಗಲಿಲ್ಲ. ಹೊಸ ಡಾಕ್ಟರು ಮೊದಲ ದಿನ ನೂಕುನುಗ್ಗಲಿನಲ್ಲಿ ಕಣ್ಣಳತೆಯಲ್ಲೇ ಚಿಕಿತ್ಸೆ ಬರೆದಿದ್ದರು. ಪ್ರತಿ ಮಂಗಳವಾರ ಅರ್ಧ ದಿನದ ರಜೆಗೆ ಚೀಟಿ ಬರೆಸಿಕೊಳ್ಳುವುದನ್ನು ಆಕೆ ಒಮ್ಮೆಯೂ ಮರೆತಿರಲಿಲ್ಲ. ಜೊತೆಗೆ ಯಾರೂ ಬರುತ್ತಿರಲಿಲ್ಲ. ಬೆಳಕಿಗೆ ಕೂರುವಾಗ ಹಾಕಿಕೊಳ್ಳುವ ಕಪ್ಪು ಕನ್ನಡಕಗಳಲ್ಲಿ ಮೂಗಿನಿಂದ ಜಾರುವ ದೊಡ್ಡದನ್ನೇ ಆರಿಸುತ್ತಿದ್ದಳು. ಅಳತೆ ಮುಗಿದ ಮೇಲೆ ಕೇಳುತ್ತಿದ್ದುದು ಒಂದೇ ಮಾತು.

"ಕಡಿಮೆಯಾಗಿಲ್ಲ ತಾನೇ, ಸಿಸ್ಟರ್?"

ವಾಸಿಯಾಗಲೆಂದು ಬಂದವರು ಹಾಗೆ ಕೇಳುವುದುಂಟೇ?

ಆ ದಿನ ನೇರಳೆ ದೀಪ ರಿಪೇರಿಯಾಗಿ ಬಂದಿತ್ತು. ಸಿಸ್ಟರ್ ಪರದೆ ಎಳೆದು ದೀಪ ಹಿಡಿದಳು. ನಿಜವಾದ ತೊನ್ನು ಅದರಡಿ ನೀಲಿ ಬಿಳುಪಾಗಿ ಉರಿಯುತ್ತದೆ. ಇದು ಸುಣ್ಣದ ಗೋಡೆಯಂತೆ ಮಂಕಾಗಿತ್ತು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದಳು. ಮಚ್ಚೆ ಹತ್ತಿಗೆ ಬಂದುಬಿಟ್ಟಿತು.

ಬಣ್ಣದ ಅಡಿಯಲ್ಲಿ ಬೆಳಕು ತಾಗದ ಚರ್ಮ, ಸುತ್ತಲಿಗಿಂತ ತುಸು ತಿಳಿಯಾಗಿ, ಎಲೆಯ ಆಕಾರದಲ್ಲೇ ಉಳಿದಿತ್ತು.

"ರಜೆ ಬೇಕಿದ್ದರೆ ಜ್ವರ ಅಂತ ಹೇಳಬಾರದಿತ್ತೇನಮ್ಮ? ಒಳ್ಳೇ ಚರ್ಮ ಸುಟ್ಟುಕೊಂಡಿದ್ದೀರಿ. ಇನ್ನು ಬರಬೇಡಿ."

ಆಕೆ ಆ ತಿಳಿ ಗುರುತನ್ನೇ ನೋಡುತ್ತಿದ್ದಳು.

"ಕೊನೆಯ ಸಲ ಇದನ್ನೊಂದು ಅಳೆದುಬಿಡಿ. ಇದು ಬಣ್ಣ ಅಲ್ಲ."

ಸಿಸ್ಟರ್ ಅಳೆಯಲಿಲ್ಲ. ಆಕೆ ತೋಳು ಇಳಿಸಿಕೊಂಡು, ಚೀಟಿ ಕೇಳದೆ ಹೊರಟುಹೋದಳು.

ಹಳೆಯ ಫೈಲುಗಳ ಕಪಾಟಿನಲ್ಲಿ ಒಂದೇ ಮನೆಯವರದು ಒಟ್ಟಿಗಿರುತ್ತಿತ್ತು. ಆಕೆಯ ಫೈಲ್ ಇಡಬೇಕಾದ ಜಾಗದಲ್ಲಿ ಇನ್ನೊಂದಿತ್ತು, ಸಿಸ್ಟರ್ ಈ ಕೆಲಸಕ್ಕೆ ಸೇರುವ ಮುಂಚೆಯೇ ಮುಚ್ಚಿದ್ದು. ಗಂಡಸು, ಮೂವತ್ತೊಂದು ವರ್ಷ. ಎಡಗೈ, ಮಂಗಳವಾರ. ಒಳಗಿನ ಕೊನೆಯ ಹಾಳೆಯನ್ನು ಸಿಸ್ಟರ್ ತನ್ನ ಕೈಲಿದ್ದ ಆಕೆಯ ಹಾಳೆಯ ಮೇಲಿಟ್ಟಳು. ಗೆರೆಯ ಮೇಲೆ ಗೆರೆ ಕೂತಿತು.

ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿತ್ತು: ರೋಗಿ ತೀರಿಕೊಂಡಿದ್ದಾರೆ. ಹಾಳೆಯ ನಕಲು ಪಡೆದವರು, ಹೆಂಡತಿ.