ಕುಡಿದವನ ಸೈಕಲ್ಲು

ಬೆಟಗೇರಿಯಲ್ಲಿ ಕುಡಿದವರು ಸೈಕಲ್ ಹತ್ತುವ ಮೊದಲು ಯೋಚಿಸುತ್ತಾರೆ. ಬೀಳುವ ಭಯಕ್ಕಲ್ಲ, ಅಲ್ಲಿನ ಸೈಕಲ್‌ಗಳು ಯಾರನ್ನೂ ಬೀಳಿಸುವುದಿಲ್ಲ. ಆದರೆ ಸವಾರ ಕುಡಿದಿದ್ದರೆ ಅವು ಹ್ಯಾಂಡಲ್ಲಿನ ಮಾತು ಕೇಳದೆ, ಅವನ ಮನಸ್ಸು ಎಲ್ಲಿದೆಯೋ ಅಲ್ಲಿಗೇ ಹೋಗಿ ನಿಲ್ಲುತ್ತವೆ. ಹೋದ ವರ್ಷ ಒಬ್ಬ ಮಾಸ್ತರರು ಹಳೆಯ ಪ್ರೇಯಸಿಯ ಮನೆ ಮುಂದೆ ಇಳಿದು, ಆಕೆಯ ಗಂಡನ ಜೊತೆ ಚಹಾ ಕುಡಿದು ಬರಬೇಕಾಯಿತು.

ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವ ಗೂಳಪ್ಪ ಆ ಸಂಜೆ ಸಾರಾಯಿ ಅಂಗಡಿಯಿಂದ ಹೊರಬಂದು ಸೈಕಲ್ಲಿನ ಸ್ಟ್ಯಾಂಡ್ ಒದ್ದಾಗ, ಗೆಳೆಯ ಫಕೀರಸಾಬ ಅಡ್ಡ ನಿಂತ.

"ನಡಕೊಂತ ಹೋಗೋ ಮಾರಾಯಾ. ಇದು ಎಲ್ಲೆರ ಒಯ್ದು ನಿಲ್ಲಿಸಿದ್ರ ಊರಾಗ ಮುಖಾ ತೋರಸೂದು ಹ್ಯಾಂಗ?"

ಗೂಳಪ್ಪನಿಗೂ ಅದೇ ಅಳುಕು. "ನಿಮ್ಮ ಮನಸು ಆ ಬ್ಯಾಂಡಿನ ಹಾಡುಗಾರ್ತಿ ಮ್ಯಾಲ ಐತಿ" ಎಂದು ಹೆಂಡತಿ ನೀಲವ್ವ ತವರಿಗೆ ಹೋಗಿ ತಿಂಗಳಾಗಿತ್ತು. ಅದು ಹೌದೋ ಅಲ್ಲವೋ ಎಂಬುದು ಅವನಿಗೇ ಖಚಿತವಿರಲಿಲ್ಲ.

"ಎಲ್ಲಿಗೆ ಹೋಗತೈತೋ ನಾನೂ ನೋಡಬೇಕಾಗೇತಿ," ಎಂದು ಹತ್ತಿದ.

ಸೈಕಲ್ ಅವನ ಮನೆಯನ್ನು ದಾಟಿ ಮುಂದೆ ಹೋಯಿತು. ಹಾಡುಗಾರ್ತಿಯ ಮನೆಯ ತಿರುವು ಬಂದಾಗ ಅವನು ಕಣ್ಣು ಮುಚ್ಚಿಕೊಂಡ. ಸೈಕಲ್ ತಿರುಗಲಿಲ್ಲ. ನೇಕಾರರ ಓಣಿಯ ಏರು ಹತ್ತಿ, ನೀಲವ್ವನ ತವರಿನ ಕಟ್ಟೆಯ ಮುಂದೆ ನಿಂತು, ಗಂಟೆಯನ್ನೂ ತಾನೇ ಬಾರಿಸಿತು.

ಮಾವ ಹೊರಗೆ ಬಂದು ಅಳಿಯನ ಬಾಯಿಯನ್ನು ಮೂಸಿ ನೋಡಿದ. ಆಮೇಲೆ ಒಳಗೆ ತಿರುಗಿ ಕೂಗಿದ:

"ನೀಲವ್ವಾ, ಅರಿವಿ ಗಂಟು ಕಟ್ಟಿಕೊಳ್ಳವಾ. ನಿನ್ನ ಗಂಡ ಚಲೋತಂಗ ಕುಡದು ಬಂದಾನ!"