ಯಾವ ಊರಾಯ್ತು ನಿಮ್ದು?

ಬಿಳಗಿಯ ಆ ಹಳೇ ಹಂಚಿನ ಮನೆಯ ಕಿಟಕಿಗಳನ್ನು ನಾಗಪತಿ ಒಂದೊಂದಾಗಿ ತೆರೆದ. ಮನೆ ಅವನ ಚಿಕ್ಕಪ್ಪನದು. ಹಿತ್ತಲ ಬಾಗಿಲೊಂದು ಸರಿ ಮಾಡಿಸಿದರೆ ಬಂದು ಇರಬಹುದು ಎಂದ. ಬಾಲ್ಯದ ಗೆಳೆಯ ಖಾಜಾ ಹುಸೇನ್ ಊರಿಗೆ ವಾಪಸು ಬರುತ್ತಾನೆಂದು ಅವನಿಗೆ ಹಿಡಿಸಲಾರದಷ್ಟು ಖುಷಿ.

ಖಾಜಾ ಹುಸೇನ್ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಹೋದ ತಿಂಗಳು ನಿವೃತ್ತನಾದ. ಹುಟ್ಟಿದ್ದು ಬಿಳಗಿಯಲ್ಲಿ, ಸಂಸಾರ ಮಾಡಿದ್ದೆಲ್ಲ ಯಲ್ಲಾಪುರದಲ್ಲಿ. ರಿಟೈರಾದ ಮೇಲೆ ನಮ್ಮೂರಿಗೇ ಹೋಗೋದು ಎಂದು ಮದುವೆಯಾದಂದಿನಿಂದ ಹೇಳುತ್ತ ಬಂದಿದ್ದ. ಈಗ ಆ ಹೊತ್ತು ಬಂದಾಗ ಹೆಂಡತಿ ಶಾಕಿರಾ ಬೇಕು, ಬೇಡ ಒಂದೂ ಅನ್ನಲಿಲ್ಲ. ಯಲ್ಲಾಪುರದಲ್ಲಿ ಅವಳು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಗೋಡೆಯಾಚೆಗೇ ತಂಗಿ ಜೀನತಳ ಮನೆ. ಮನಸ್ಸಿನಲ್ಲಿರುವುದನ್ನು ಅಬ್ಬಾಗೆ ಹೇಳಿಬಿಡು ಎಂದು ಮಗಳು ಸಮೀನಾ ಫೋನಿನಲ್ಲಿ ಒತ್ತಾಯಿಸಿದ್ದಳು. ಬಸ್ಸು ನಿಂತ ಊರಲ್ಲೆಲ್ಲ ಮಲಗಿ ಎದ್ದ ಮನುಷ್ಯ, ಇನ್ನಾದರೂ ತನಗೆ ಬೇಕಾದಲ್ಲಿ ಇರಲಿ ಎಂದುಕೊಂಡಿದ್ದಳು ಶಾಕಿರಾ.

ಈಗ ಗಂಡನ ಜೊತೆ ಮನೆ ನೋಡಲು ಬಂದಾಗಲೂ ಅಷ್ಟೇ. ಅಡುಗೆಮನೆಗೆ ಒಳ್ಳೆ ಬೆಳಕಿದೆ ಎಂದಳು, ಬಾವಿಯ ನೀರು ಸಿಹಿ ಎಂದಳು. ಅವಳು ಹೊಗಳಿದಷ್ಟೂ ಖಾಜಾ ಹುಸೇನನ ಎದೆ ಯಾಕೋ ಭಾರವಾಗುತ್ತಿತ್ತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಮೂವರೂ ರಸ್ತೆಬದಿಯ ಚಾದಂಗಡಿಯಲ್ಲಿ ಕೂತರು. ಅಂಗಡಿಯ ಮುದುಕಿ ಚಾ ಕೊಡುತ್ತ ಖಾಜಾ ಹುಸೇನನ ಮುಖ ನೋಡಿದಳು.

"ಯಾವ ಊರಾಯ್ತು ನಿಮ್ದು?"

"ಯಲ್ಲಾಪುರ," ಎಂದ ಖಾಜಾ ಹುಸೇನ್.

ನಾಗಪತಿ ತಿರುಗಿ ನೋಡಿದ. ಶಾಕಿರಾ ಲೋಟದಿಂದ ಕಣ್ಣೆತ್ತಲಿಲ್ಲ. ನಾನು ಇಲ್ಲಿಯವನೇ, ಇಂಥವರ ಮಗ ಎಂದು ತಿದ್ದಬಹುದಿತ್ತು. ಖಾಜಾ ಹುಸೇನ್ ತಿದ್ದಲಿಲ್ಲ. ಬೆಳಗಿನಿಂದ ಈ ಊರಲ್ಲಿ ನಾಗಪತಿಯನ್ನು ಬಿಟ್ಟು ಒಂದೂ ಗುರುತಿನ ಮುಖ ಕಂಡಿರಲಿಲ್ಲ. ಡ್ರೈವರ್ ಸಾಬ್ರೇ ಎಂದು ಕೂಗಿ ನಿಲ್ಲಿಸುವವರೆಲ್ಲ ಇದ್ದದ್ದು ಯಲ್ಲಾಪುರದಲ್ಲಿ. ಅವನು ಲೋಟ ಕೆಳಗಿಟ್ಟ.

"ಬೇಜಾರ ಮಾಡ್ಕೋಬೇಡ ನಾಗಪತಿ. ನಂಗೆ ಇಲ್ಲಿ ಇರೂಕೆ ಆಗೂದಿಲ್ಲ."

ನಾಗಪತಿ ಉಳಿದ ಚಾ ಒಂದೇ ಗುಟುಕಿಗೆ ಮುಗಿಸಿದ.

"ಬೇಜಾರಾಗದೇ ಇರ್ತದಾ ಮಾರಾಯ," ಎಂದ. "ಆದ್ರೂ ಅಡ್ಡಿಲ್ಲ, ನೆಂಟನಾಗಿ ಬರ್ತಾ ಇರು. ದಿನಾ ಕಾಣೋ ಮುಖಕ್ಕೆ ಯಾರು ಪಾಯಸ ಮಾಡ್ತಾರೆ?"

ಮೂವರೂ ನಕ್ಕರು. ನಾಗಪತಿಯೇ ಚಾದ ದುಡ್ಡು ಕೊಟ್ಟು, ಬಸ್ಸು ಬರುವವರೆಗೂ ಜೊತೆಗೆ ನಿಂತು, ಕೈಬೀಸಿ ಕಳಿಸಿದ.

"ನಿಂಗೆ ಬರೋ ಮನಸ್ಸಿರ್ಲಿಲ್ಲ ಅಲ್ವಾ?" ಬಸ್ಸಿನಲ್ಲಿ ಖಾಜಾ ಹುಸೇನ್ ಕೇಳಿದ.

"ಇರ್ಲಿಲ್ಲ," ಎಂದಳು ಶಾಕಿರಾ.

ಆಮೇಲೆ ಅವಳ ಮಾತು ಸಿದ್ದಾಪುರ ದಾಟಿದರೂ ನಿಲ್ಲಲಿಲ್ಲ. ಯಲ್ಲಾಪುರದ ಮನೆಯ ಮಾಡಿನ ಸೋರುವ ಮೂಲೆ, ಮೊಗ್ಗು ಬಂದ ಕರಿಬೇವು, ಜೀನತಳ ಸೊಸೆಗೆ ಹೊಲಿಯಬೇಕಾದ ರವಿಕೆಗಳು. ಹಿಂದೆ ಕೂತ ಹೆಂಗಸರು ಅಷ್ಟೊಂದು ಏನು ಮಾತಾಡುತ್ತಾರೋ ಎಂದು ಸ್ಟೀರಿಂಗ್ ಹಿಡಿದಷ್ಟು ವರ್ಷವೂ ಗೊಣಗಿದ್ದ ಖಾಜಾ ಹುಸೇನ್, ಗಾಳಿಗೆ ಅವಳ ಒಂದು ಮಾತೂ ಹಾರಿಹೋಗಬಾರದೆಂದು ಕಿಟಕಿಯ ಗಾಜು ಎಳೆದು ಮುಚ್ಚಿದ.