ಮೂರನೇ ಅಂಕದ ಬಾಗಿಲು

ಕಥೆ ಮತ್ತೆ ಬಾಗಿಲ ಹತ್ತಿರವೇ ಸಿಕ್ಕಿಹಾಕಿಕೊಂಡಿತು.

"ಮನೆಗೆ ಬೀಗ, ಬೀಗದ ಕೈ ದೆವ್ವದ ಹತ್ತಿರ. ಹಾಗಾದ್ರೆ ನಾಯಕಿ ಹೊರಗೆ ಬರೋದು ಹೇಗೆ?" ಫೋನಿನಲ್ಲಿ ನಿರ್ಮಾಪಕಿ ಕೇಳಿದಳು.

ಹೆಂಡತಿ ಗಂಡನತ್ತ ತಿರುಗಿದಳು. ಆ ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟಿದ್ದಳು. "ನನಗೇನೂ ತೋಚ್ತಾ ಇಲ್ಲ ರೀ. ನೀವೇ ಹೇಳಿ."

ಮೇಷ್ಟ್ರು ನಿಟ್ಟುಸಿರು ಬಿಟ್ಟರು. ಸಿನಿಮಾ ಶಾಲೆಯಲ್ಲಿ ಚಿತ್ರಕಥೆಯ ಪಾಠ ಹೇಳಿ ಹೇಳಿ ಗಂಟಲು ಒಣಗಿತ್ತು; ಸಾಲದೆಂದು ಈಗ ಮನೆಯಲ್ಲೂ ಅದೇ ಕೂಗಾಟ. ದೆವ್ವದ ಸಿನಿಮಾ ಬರೆಯುತ್ತೇನೆಂದು ಹೆಂಡತಿ ಹೇಳಿದಾಗ ಅವರು ನಕ್ಕಿದ್ದರು. ಯಾರೋ ನಿರ್ಮಾಪಕಿ ಕಥೆ ಕೇಳಲು ಒಪ್ಪಿದ್ದಾಳೆಂದಾಗ ನಗು ನಿಂತಿತ್ತು. ಮಾತೆಲ್ಲ ತಮ್ಮ ಫೋನಿನಲ್ಲೇ, ತಮ್ಮ ಎದುರಿಗೇ ಆಗಬೇಕೆಂದು ಷರತ್ತು ಹಾಕಿದ್ದರು. ಹೆಂಡತಿ ಹೇಳಿಕೇಳಿ ಅಂಜುಬುರುಕಿ. ಅಂಗಡಿಗೂ ಒಬ್ಬಳೇ ಹೋದವಳಲ್ಲ. ಯಾರಾದರೂ ಟೋಪಿ ಹಾಕಿದರೆ?

ನಿರ್ಮಾಪಕಿಯ ಪ್ರಶ್ನೆಗಳೋ, ಒಂದಕ್ಕಿಂತ ಒಂದು ವಿಚಿತ್ರ. ಕಥೆಯಲ್ಲಿ ಮಕ್ಕಳಿದ್ದಾರಾ, ದೆವ್ವದ ಕೈಯಲ್ಲಿ ಆಯುಧ ಇರುತ್ತಾ, ಅದು ಮನೆ ಬಿಟ್ಟು ಹೊರಗೆ ಹೋಗುವುದುಂಟಾ ಎಂದೆಲ್ಲ ಕೇಳುತ್ತಿದ್ದಳು. ನೋಡುವವರನ್ನು ಬೆಚ್ಚಿಬೀಳಿಸುವ ವಿಚಾರ ಮಾತ್ರ ಎತ್ತುತ್ತಿರಲಿಲ್ಲ. ಕಸುಬು ಗೊತ್ತಿಲ್ಲದವಳು ಎಂದು ಮೇಷ್ಟ್ರು ತೀರ್ಮಾನಿಸಿದ್ದರು.

ಕೊನೆಗೆ ಫೋನನ್ನು ತಮ್ಮ ಕಡೆಗೆ ಎಳೆದುಕೊಂಡು ಮೂರು ಅಂಕಗಳ ಸೂತ್ರ ಬಿಡಿಸಿ ಹೇಳಿದರು. ಮೊದಲ ಅಂಕದಲ್ಲಿ ಮನೆ ಬೆಚ್ಚಗಿರಬೇಕು. ಎರಡನೆಯದರಲ್ಲಿ ಅದೇ ಮನೆ ಉಸಿರು ಕಟ್ಟಿಸಬೇಕು. ಮೂರನೆಯದರಲ್ಲಿ ದೆವ್ವ ತನ್ನ ಸ್ವಭಾವದಿಂದಲೇ ಸೋಲಬೇಕು.

"ಬೀಗ ಯಾಕೆ ಒಡೀಬೇಕು? ದೆವ್ವವೇ ಬಾಗಿಲು ತೆಗೀಲಿ. ಅದಕ್ಕೂ ಜಂಬ ಇರುತ್ತೆ. ಯಾರಾದ್ರೂ ಹೊಗಳೋಕೆ ಬಂದ್ರೆ ತೆಗೀದೆ ಇರುತ್ತಾ?"

ನಿರ್ಮಾಪಕಿ ಮೆಲ್ಲಗೆ, "ತುಂಬಾ ಉಪಕಾರ ಆಯ್ತು ಸರ್. ನಾಳೆ ನಮ್ಮವರು ಬಂದು ನಿಮ್ಮ ಬಾಯಿಂದಲೇ ಎಲ್ಲ ಕೇಳ್ಕೋತಾರೆ" ಎಂದಳು.

ಹೆಂಡತಿ ಎದ್ದು ಗಂಡನಿಗೆ ನೀರು ತಂದುಕೊಟ್ಟಳು. ಕೊಡುವಾಗ ಒಂದಿಷ್ಟು ನೀರು ಚೆಲ್ಲಿದಳು. ಪಾಪ, ಅವಳಿಗೂ ಸುಸ್ತು ಎಂದುಕೊಂಡರು.

ಮರುದಿನ ಮಧ್ಯಾಹ್ನ ಇಬ್ಬರು ಹೆಂಗಸರು ಬಂದರು. ಮೇಷ್ಟ್ರು ಒಳ್ಳೆಯ ಅಂಗಿ ತೊಟ್ಟು ತಾವೇ ಹೋಗಿ ಬೀಗ ತೆಗೆದು ಬರಮಾಡಿಕೊಂಡರು. ಒಬ್ಬಳು ಎದುರಿಗೆ ಕೂತು, ಸೂತ್ರವನ್ನು ಮೊದಲಿನಿಂದ ವಿವರಿಸಬೇಕೆಂದು ಕೇಳಿಕೊಂಡಳು. ಇನ್ನೊಬ್ಬಳು, ಚಿತ್ರೀಕರಣಕ್ಕೆ ಬೀದಿ ಹೇಗಿದೆ ನೋಡಿಬರೋಣವೆಂದು ಹೆಂಡತಿಯನ್ನು ಕರೆದಳು. ಹೆಂಡತಿ ಗಂಡನ ಮುಖ ನೋಡಿದಳು. ಮಾತಿನ ಭರದಲ್ಲಿದ್ದ ಮೇಷ್ಟ್ರು ಹೋಗೆಂದು ಕೈಯಾಡಿಸಿದರು.

ಎಷ್ಟೋ ವರ್ಷದ ಮೇಲೆ ಯಾರೋ ಇಷ್ಟು ಗಮನವಿಟ್ಟು ಕೇಳುತ್ತಿದ್ದರು. ಎರಡನೇ ಅಂಕ ಮುಗಿಯುವ ಹೊತ್ತಿಗೆ ಆಕೆಯ ಫೋನು ಒಮ್ಮೆ ಗುಂಯ್‌ಗುಟ್ಟಿತು. ಇಷ್ಟು ಸಾಕೆಂದು ಕೈಮುಗಿದು ಹೊರಟೇಹೋದಳು.

ಮೇಷ್ಟ್ರು ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. ಎಚ್ಚರವಾದಾಗ ಮನೆ ಸದ್ದಿಲ್ಲದೆ ಬಿದ್ದಿತ್ತು. ಹೆಂಡತಿಯನ್ನು ಕೂಗಿದರು. ಅಡುಗೆಮನೆ, ಮಲಗುವ ಕೋಣೆ ಇಣುಕಿದರು. ಬೀದಿಯಲ್ಲೂ ಯಾರಿಲ್ಲ. ರೇಗುವುದಕ್ಕೂ ತ್ರಾಣವಿರಲಿಲ್ಲ. ನಿರ್ಮಾಪಕಿಯ ಸಂಖ್ಯೆ ಒತ್ತಿದರು.

ಈ ಸಲ ಎತ್ತಿದ್ದು ಬೇರೆ ದನಿ. ಅವರು ಬಾಯಿ ತೆರೆಯುವ ಮುಂಚೆಯೇ ಅದು ದಿನವೂ ಹೇಳುವುದನ್ನು ಹೇಳಿತು:

"ನಮಸ್ಕಾರ, ಮಹಿಳಾ ಸಹಾಯವಾಣಿ. ಮನೇಲಿ ಯಾರ ಕಾಟ, ಹೇಳಿ."